ಧಣಿಯ ಬಂಗಲೆ, ಹಸಿದವರ ಸಾಕ್ಷ್ಯ

ಅನ್ಯಾಯದ ಸಂಪತ್ತಿನಿಂದ ಎದ್ದ ಸುಂದರ ಕಟ್ಟಡವನ್ನು ಉಳಿಸಬೇಕೇ, ಕೆಡವಬೇಕೇ? ಐರ್ಲೆಂಡಿನ ಜನ ಒಂದು ಶತಮಾನದಿಂದ ಈ ಪ್ರಶ್ನೆಯನ್ನು ಎದುರಿಸುತ್ತಾ ಬಂದಿದ್ದಾರೆ.

ಆ ದೇಶದ ರಾಸ್ಕಾಮನ್ ಕೌಂಟಿಯ ಸ್ಟ್ರೋಕ್ಸ್‌ಟೌನ್‌ನಲ್ಲಿ ಮ್ಯಾಹನ್ ಎಂಬ ಜಮೀನುದಾರ ಮನೆತನದ ಬಂಗಲೆಯಿದೆ. ಆಳುಗಳು ಧಣಿಗಳ ಕಣ್ಣಿಗೆ ಬೀಳದಂತೆ ಓಡಾಡಲು ಅಲ್ಲಿ ಸುರಂಗವಿದೆ. ಕುದುರೆಗಳಿಗೆ ಕಮಾನು ಛಾವಣಿಯ ಲಾಯವಿದೆ. ಬಡ ಗೇಣಿದಾರರು ಬಾಳಿದ್ದು ಮಾತ್ರ ಮಣ್ಣಿನ ಗುಡಿಸಲುಗಳಲ್ಲಿ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂದಾಗ ದೇಶದಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು. 1847ರಲ್ಲಿ ಧಣಿ ಡೆನಿಸ್ ಮ್ಯಾಹನ್ ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಡಗು ಹತ್ತಿಸಿ ಕೆನಡಾಕ್ಕೆ ಸಾಗಿಸಿದ. ನೂರಾರು ಮಂದಿ ಅಸುನೀಗಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅವನೂ ಗುಂಡಿಗೆ ಬಲಿಯಾದ.

ಇಂಥ ಮನೆಗೆ ಬೆಂಕಿಯಿಟ್ಟರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. 1920ರಿಂದ 1923ರ ನಡುವೆ ಐರ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಬಂಗಲೆಗಳು ಸುಟ್ಟುಹೋದವು. ಆದರೆ ಬೆಂಕಿಗೆ ವಿವೇಚನೆಯಿಲ್ಲ. ಪಕ್ಕದ ಮೇಯೋ ಕೌಂಟಿಯ ಮೂರ್ ಹಾಲ್‌ನ ಧಣಿ, 1846ರಲ್ಲಿ ತನ್ನ ಕುದುರೆ ಪಂದ್ಯ ಗೆದ್ದಾಗ ಬಂದ ಹಣದ ಪಾಲನ್ನು ಗೇಣಿದಾರರ ನೆರವಿಗೆ ಕೊಟ್ಟಿದ್ದ. ಆ ಮನೆಯೂ 1923ರ ಅಂತರ್ಯುದ್ಧದಲ್ಲಿ ಬೂದಿಯಾಯಿತು. ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಕುರ್‌ಆನ್ ಎಚ್ಚರಿಸುವುದು ಸುಮ್ಮನೆ ಅಲ್ಲ.

ಸ್ಟ್ರೋಕ್ಸ್‌ಟೌನ್ ಬಂಗಲೆ ಉಳಿಯಿತು. 1979ರಲ್ಲಿ ಸ್ಥಳೀಯ ವಾಹನ ವ್ಯಾಪಾರ ಸಂಸ್ಥೆಯೊಂದು ಅದನ್ನು ಖರೀದಿಸಿತು. ಹಳೆಯ ಕಡತಗಳ ನಡುವೆ ಒಂದು ಅರ್ಜಿ ಸಿಕ್ಕಿತು. ಹಸಿದ ಕುಟುಂಬಗಳನ್ನು ಸಾಕಲು ಕೆಲಸ ಕೊಡಿರೆಂದು ಕ್ಲೂನಾಹೀಯ ಗೇಣಿದಾರರು 1846ರಲ್ಲಿ ಬೇಡಿಕೊಂಡ ಅರ್ಜಿ ಅದು. 1994ರಲ್ಲಿ ಅದೇ ಕುದುರೆ ಲಾಯದಲ್ಲಿ ರಾಷ್ಟ್ರೀಯ ಕ್ಷಾಮ ಮ್ಯೂಸಿಯಂ ಆರಂಭವಾಯಿತು.

ನಾವು ಯೋಚಿಸಬೇಕಾದುದು ಇಲ್ಲಿಯೇ. ಬಡವರ ಗುಡಿಸಲುಗಳು ಮಳೆಗೆ ಕರಗಿ ಮಣ್ಣಾದವು. ಅವರ ಮಾತು ಉಳಿದದ್ದು ಧಣಿಯ ಕಡತದಲ್ಲಿ. ಮನೆ ಸುಟ್ಟಿದ್ದರೆ ಮರ್ದಿತರ ಸಾಕ್ಷ್ಯವೂ ಅದರೊಂದಿಗೆ ಸುಟ್ಟುಹೋಗುತ್ತಿತ್ತು.

ಹಾಗೆಂದು ಉಳಿಸಿದ ಮಾತ್ರಕ್ಕೆ ನ್ಯಾಯ ದೊರಕಿದಂತಾಗುವುದಿಲ್ಲ. ಕೆತ್ತನೆ, ಕನ್ನಡಿ, ಮೇಜು ಕುರ್ಚಿಗಳನ್ನಷ್ಟೇ ತೋರಿಸಿ ಪ್ರವಾಸಿಗರನ್ನು ಕಳುಹಿಸಿದರೆ, ಆಳುಗಳನ್ನು ಮತ್ತೊಮ್ಮೆ ಸುರಂಗಕ್ಕೆ ತಳ್ಳಿದಂತೆ. ಕಲ್ಲು ಗಾರೆಗೆ ಪಾಪವಿಲ್ಲ. ಅದನ್ನು ಕಾಯುವವರು ಯಾರ ಕಥೆ ಹೇಳುತ್ತಾರೆ ಎಂಬುದರಲ್ಲಿದೆ ನ್ಯಾಯ, ಅನ್ಯಾಯ. ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಪರಿಣಾಮವನ್ನು ಕಾಣಲು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುತ್ತದೆ. ಕಾಣಬೇಕಾದರೆ ಏನಾದರೂ ಉಳಿದಿರಬೇಕಲ್ಲವೇ?