ದಂಡ ತೆತ್ತ ಮೇಲೆ ತಪ್ಪು ಎಲ್ಲಿ ಹೋಗುತ್ತದೆ?

ಓದು, ಪ್ರವಾಸ, ಕೆಲಸ ಎಂದು ಅಮೆರಿಕಕ್ಕೆ ಹೊರಟವರು ವೀಸಾಕ್ಕಾಗಿ ತುಂಬುವ ಡಿಎಸ್-160 ನಮೂನೆಯಲ್ಲಿ ಒಂದು ಪ್ರಶ್ನೆಯಿದೆ. ಎಂದಾದರೂ, ಯಾವುದೇ ಅಪರಾಧಕ್ಕಾಗಿ ನಿಮ್ಮ ಬಂಧನವಾಗಿದೆಯೇ, ಶಿಕ್ಷೆಯಾಗಿದೆಯೇ? ಅಷ್ಟು ಕೇಳಿ ನಮೂನೆ ಸುಮ್ಮನಾಗುವುದಿಲ್ಲ. ಆಮೇಲೆ ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು ಎನ್ನುತ್ತದೆ. ಇಪ್ಪತ್ತು ವರ್ಷದ ಹಿಂದೆ ಮಾಡಿದ ತಪ್ಪು, ಅನುಭವಿಸಿ ಮುಗಿಸಿದ ಜೈಲುವಾಸ, ಕಟ್ಟಿ ಮರೆತ ದಂಡ, ಎಲ್ಲವೂ ಆ ಒಂದು ಸಾಲಿನ ಮುಂದೆ ನಿನ್ನೆಯದಾಗಿ ಎದ್ದು ನಿಲ್ಲುತ್ತವೆ.

ಇದನ್ನು ಬರೀ ಕಾಗದಪತ್ರದ ತೊಡಕು ಎಂದುಕೊಂಡರೆ ಅದರ ಒಳಗಿನ ಹಳೆಯ ಧರ್ಮಜಿಜ್ಞಾಸೆ ಕಾಣುವುದಿಲ್ಲ. ತಪ್ಪಿಗೆ ತಕ್ಕ ಶಿಕ್ಷೆ ಅನುಭವಿಸಿದವನಲ್ಲಿ ಆ ತಪ್ಪು ಇನ್ನೂ ಉಳಿದಿರುತ್ತದೆಯೇ? ಉಳಿಯುವುದಿಲ್ಲವಾದರೆ, ಅದು ತೀರಿತು ಎಂದು ಹೇಳುವ ಅಧಿಕಾರ ಯಾರದು?

ಮಹಾಭಾರತದ ಶಾಂತಿಪರ್ವದಲ್ಲಿ ಈ ಪ್ರಶ್ನೆಗೆ ನೇರವಾಗಿ ತಾಗುವ ಕಥೆಯೊಂದಿದೆ. ರಾಜ್ಯವೇ ಬೇಡ ಎಂದು ಕೂತ ಧರ್ಮರಾಯನಿಗೆ ವ್ಯಾಸರು ಹೇಳುವ ಕಥೆ ಅದು. ಬಾಹುದಾ ನದಿಯ ದಡದಲ್ಲಿ ಶಂಖ, ಲಿಖಿತ ಎಂಬ ಇಬ್ಬರು ಸಹೋದರರು ಬೇರೆ ಬೇರೆ ಆಶ್ರಮ ಕಟ್ಟಿಕೊಂಡು ತಪಸ್ಸು ಮಾಡುತ್ತಿದ್ದರು. ಒಂದು ದಿನ ಲಿಖಿತ ಅಣ್ಣನ ಆಶ್ರಮಕ್ಕೆ ಬಂದ. ಅಣ್ಣ ಇರಲಿಲ್ಲ. ಮರದಲ್ಲಿ ಹಣ್ಣು ಮಾಗಿತ್ತು. ಕಿತ್ತು ತಿನ್ನುತ್ತ ಕೂತ. ಹಿಂದಿರುಗಿದ ಶಂಖ ಹಣ್ಣು ಎಲ್ಲಿಯದೆಂದು ಕೇಳಿದಾಗ ಇಲ್ಲಿಯದೇ ಎಂದು ನಕ್ಕ. ಅಣ್ಣ ನಗಲಿಲ್ಲ. ಕೊಡದ ವಸ್ತುವನ್ನು ತೆಗೆದುಕೊಂಡೆ, ಇದು ಕಳ್ಳತನ, ರಾಜನ ಬಳಿ ಹೋಗಿ ಒಪ್ಪಿಕೊ ಎಂದ.

ಲಿಖಿತ ಹೋದ. ರಾಜ ಸುದ್ಯುಮ್ನ, ಋಷಿ ಬಂದನೆಂದು, ಕಾಲ್ನಡಿಗೆಯಲ್ಲೇ ಎದುರುಗೊಂಡ. ವಿಷಯ ಕೇಳಿದ ಮೇಲೆ, ದಂಡಿಸುವ ಹಕ್ಕು ಇರುವ ರಾಜನಿಗೆ ಕ್ಷಮಿಸುವ ಹಕ್ಕೂ ಇದೆಯಲ್ಲವೇ, ಬೇರೆ ಏನಾದರೂ ಕೇಳಿ ಎಂದ. ಲಿಖಿತ ಬೇರೆ ಏನನ್ನೂ ಕೇಳಲಿಲ್ಲ. ಕೊನೆಗೆ ರಾಜ ಅವನ ಕೈಗಳನ್ನು ಕಡಿಸಿದ. ಆ ಸ್ಥಿತಿಯಲ್ಲಿ ಅಣ್ಣನ ಬಳಿ ಬಂದವನಿಗೆ ಶಂಖ ಹೇಳಿದ್ದು: ನನಗೆ ನಿನ್ನ ಮೇಲೆ ಕೋಪವಿಲ್ಲ, ನಿನ್ನ ಪ್ರಾಯಶ್ಚಿತ್ತ ಮುಗಿಯಿತು, ನದಿಗೆ ಹೋಗಿ ತರ್ಪಣ ಕೊಡು. ನೀರಿಗಿಳಿದು ತರ್ಪಣಕ್ಕೆ ತೊಡಗಿದಾಗ ಕೈಗಳು ಮತ್ತೆ ಮೂಡಿದವು. ನಿನ್ನ ತಪಸ್ಸಿಗೆ ಇಷ್ಟು ಶಕ್ತಿಯಿದ್ದರೆ ಮೊದಲೇ ಯಾಕೆ ನನ್ನನ್ನು ಶುದ್ಧಮಾಡಲಿಲ್ಲ ಎಂದು ತಮ್ಮ ಕೇಳುತ್ತಾನೆ. ನಿನಗೆ ದಂಡ ವಿಧಿಸುವವನು ನಾನಲ್ಲ ಎನ್ನುತ್ತಾನೆ ಅಣ್ಣ.

ಒಂದು ಹಣ್ಣಿಗೆ ಎರಡು ಕೈ. ಈ ಕ್ರೌರ್ಯವನ್ನು ಇಂದು ಯಾರೂ ಸಮರ್ಥಿಸಲಾರರು, ಸಮರ್ಥಿಸಲೂ ಬಾರದು. ಆದರೆ ಕಥೆಯ ಎರಡನೇ ಅರ್ಧವನ್ನು ಬಿಡುವಂತಿಲ್ಲ. ಶಿಕ್ಷೆ ಎಷ್ಟು ಕಠೋರವೋ ಅಷ್ಟೇ ಖಚಿತವಾಗಿ ಅದಕ್ಕೊಂದು ಕೊನೆಯಿದೆ. ತಪ್ಪನ್ನು ಎತ್ತಿ ತೋರಿಸಿದ ಅಣ್ಣನೇ ಅದು ಮುಗಿಯಿತೆಂದೂ ಹೇಳುತ್ತಾನೆ. ಹೋದದ್ದು ಮರಳಿ ಬರುತ್ತದೆ.

ರಾಜದಂಡಕ್ಕೆ ಒಳಗಾದವರು ಪುಣ್ಯವಂತರಂತೆಯೇ ನಿರ್ಮಲರಾಗಿ ಸ್ವರ್ಗಕ್ಕೆ ಹೋಗುತ್ತಾರೆ ಎಂದು ಮನುಸ್ಮೃತಿಯ ಎಂಟನೇ ಅಧ್ಯಾಯ ಹೇಳುತ್ತದೆ. ವಾಲ್ಮೀಕಿ ರಾಮಾಯಣದಲ್ಲಿ ರಾಮ ವಾಲಿಯ ಮುಂದೆ ಎತ್ತಿಹೇಳುವುದೂ ಇದೇ ಮಾತನ್ನು. ಈ ಲೋಕದಲ್ಲಿ ಶಿಕ್ಷೆ ಅನುಭವಿಸಿದವನಿಗೆ ಅದೇ ಪಾಪ ಪರಿಹಾರ ಎಂಬ ಅರ್ಥದ ಹದೀಸು ಬುಖಾರಿಯವರ ಸಂಗ್ರಹದಲ್ಲಿದೆ. ಪಶ್ಚಾತ್ತಾಪಪಟ್ಟವನಿಗೆ ನಿನ್ನ ಹಳೆಯ ಕೃತ್ಯಗಳನ್ನು ನೆನಪಿಸಿಕೊ ಎಂದು ಚುಚ್ಚುವುದು ಯಹೂದಿಗಳ ಮಿಶ್ನಾದಲ್ಲಿ ನಿಷಿದ್ಧ. ಮಾತಿನಿಂದ ಆಗುವ ಅನ್ಯಾಯಗಳ ಪಟ್ಟಿಯಲ್ಲಿ ಅದೂ ಸೇರಿದೆ. ಬೇರೆ ಬೇರೆ ದೇವರನ್ನು ನಂಬಿದವರು ಇಲ್ಲಿ ಹೆಚ್ಚುಕಡಿಮೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ.

ಹಾಗಾದರೆ ಗಡಿಯಲ್ಲಿ ಕೂತ ಅಧಿಕಾರಿ ಇವರೆಲ್ಲರಿಗಿಂತ ನಿರ್ದಯಿಯೇ? ಹಾಗೆ ಹೇಳಿಬಿಡುವುದು ನ್ಯಾಯವಲ್ಲ. ಸುದ್ಯುಮ್ನ ಕೊಟ್ಟ ದಂಡವನ್ನು ನೆರೆರಾಜ್ಯದ ಅರಸ ಒಪ್ಪಬೇಕೇ ಎಂಬ ಪ್ರಶ್ನೆಯನ್ನು ಶಾಂತಿಪರ್ವದ ಕಥೆ ಎತ್ತುವುದೇ ಇಲ್ಲ. ವೀಸಾ ಅಧಿಕಾರಿ ಆ ನೆರೆಯ ಅರಸನ ಕಡೆಯವನು. ದಂಡ ವಿಧಿಸಿದವನು ತಾನಲ್ಲ, ತೀರಿತು ಎನ್ನುವ ಹೊಣೆಯೂ ತನ್ನದಲ್ಲ ಎಂದು ಅವನು ವಾದಿಸಬಹುದು. ಅವನ ಬೆನ್ನ ಹಿಂದೆ ಇರುವ ಜನರಿಗೆ ಭಯಪಡುವ ಹಕ್ಕೂ ಇದೆ.

ಈ ಭಯವನ್ನು ಪ್ರಾಮಾಣಿಕವಾಗಿ ಎದುರಿಸಿದ ಉದಾಹರಣೆ ಬೌದ್ಧ ಭಿಕ್ಷುಗಳ ನಿಯಮಸಂಹಿತೆಯಾದ ವಿನಯದಲ್ಲಿ ಸಿಗುತ್ತದೆ. ದರೋಡೆಕೋರ ಅಂಗುಲಿಮಾಲನನ್ನು ಬುದ್ಧ ಸಂಘಕ್ಕೆ ಸೇರಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಅವನ ಭಿಕ್ಷಾಟನೆಗೆ ಊರವರು ಕಲ್ಲು, ಕೋಲುಗಳಿಂದ ಉತ್ತರಿಸಿದ್ದೂ ಗೊತ್ತು. ಮುಂದಿನ ಭಾಗ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಅವನನ್ನು ಕಂಡು ಜನ ಓಡುತ್ತಿದ್ದರು, ಬಾಗಿಲು ಹಾಕಿಕೊಳ್ಳುತ್ತಿದ್ದರು. ದೂರು ಬುದ್ಧನವರೆಗೆ ಹೋಯಿತು. ಹೆಸರಾಂತ ದರೋಡೆಕೋರರಿಗೆ ಇನ್ನು ಮುಂದೆ ಪ್ರವ್ರಜ್ಯೆ, ಅಂದರೆ ಸಂಘ ಸೇರುವ ದೀಕ್ಷೆ, ಕೊಡಬಾರದು ಎಂಬ ನಿಯಮ ಬಂತು. ಸೆರೆಮನೆ ಮುರಿದು ಬಂದವರು, ಚಾಟಿಯೇಟಿನ ಶಿಕ್ಷೆ ಅನುಭವಿಸಿದವರು, ಕಾಯಿಸಿದ ಕಬ್ಬಿಣದ ಬರೆ ಹಾಕಿಸಿಕೊಂಡವರು, ಇವರಿಗೂ ಅವಕಾಶವಿಲ್ಲ ಎಂದು ವಿನಯದ ಮಹಾವಗ್ಗದಲ್ಲಿ ಒಂದರ ಹಿಂದೆ ಒಂದು ನಿಯಮಗಳು ಬರುತ್ತವೆ. ದಂಡ ತೆತ್ತವನು ಶುದ್ಧ ಎಂದು ಸ್ಮೃತಿ ಹೇಳಿದರೆ, ದಂಡ ತೆತ್ತ ಗುರುತು ಮೈಮೇಲಿದ್ದವನಿಗೆ ವಿನಯ ಬಾಗಿಲು ಮುಚ್ಚಿತು. ಕರುಣೆಯೇ ಮೂಲಮಂತ್ರವಾದ ಸಂಘವೂ ಊರಿನ ಅಂಜಿಕೆಗೆ ಬೆಲೆ ಕೊಟ್ಟಿತು. ಆದರೆ ಅಂಗುಲಿಮಾಲನನ್ನು ಹೊರಗೆ ಹಾಕಲಿಲ್ಲ.

ಹನ್ನೆರಡನೇ ಶತಮಾನದ ಶರಣರ ದಾರಿ ಇನ್ನೊಂದು. ಕನ್ನ ಹಾಕುವ ಕೆಲಸದಲ್ಲಿದ್ದವನೆಂದು ಪ್ರತೀತಿಯಿರುವ ಕನ್ನದ ಮಾರಿತಂದೆಯನ್ನು ಅವರು ವಚನಕಾರನಾಗಿ ಉಳಿಸಿಕೊಂಡರು, ಹಳೆಯ ಕಸುಬನ್ನು ಹೆಸರಿನಿಂದ ಅಳಿಸದೆಯೇ.

ಇಂದಿನ ದೇಶಗಳ ಕಾನೂನು ಈ ಎರಡು ತುದಿಗಳ ನಡುವೆ ಎಲ್ಲೆಲ್ಲೋ ನಿಂತಿದೆ. ಒಟ್ಟು 12 ತಿಂಗಳು ಅಥವಾ ಹೆಚ್ಚಿನ ಸಜೆಯಾಗಿದ್ದರೆ ಆಸ್ಟ್ರೇಲಿಯಾದ ಗುಣಪರೀಕ್ಷೆಯಲ್ಲಿ ಅರ್ಜಿದಾರ ತೇರ್ಗಡೆಯಾಗುವುದಿಲ್ಲ. ಜಪಾನು ಒಂದು ವರ್ಷದ ಗೆರೆ ಎಳೆಯುತ್ತದೆ, ರಾಜಕೀಯ ಅಪರಾಧಕ್ಕೆ ಮಾತ್ರ ವಿನಾಯಿತಿ. ಬ್ರಿಟನ್ನಿನದು ವಿಚಿತ್ರ. ಅಲ್ಲಿನ 1974ರ ಕಾನೂನಿನ ಪ್ರಕಾರ ಹಲವು ಶಿಕ್ಷೆಗಳು ಕೆಲವು ವರ್ಷಗಳ ನಂತರ ತೀರಿಹೋದಂತೆ. ಉದ್ಯೋಗಕ್ಕೆ ಹೋದಾಗ ಸಾಮಾನ್ಯವಾಗಿ ಹೇಳಬೇಕಿಲ್ಲ. ಆದರೆ ವಲಸೆ ಮತ್ತು ಪೌರತ್ವದ ತೀರ್ಮಾನಗಳಿಗೆ ಈ ಮರೆವು ಅನ್ವಯಿಸದಂತೆ 2012ರಲ್ಲಿ ಕಾನೂನು ಮಾಡಿದರು. ಮನೆಯವರಿಗೆ ತೀರಿದ್ದು ಹೊರಗಿನವರಿಗೆ ತೀರಲಿಲ್ಲ.

ಅಮೆರಿಕದ ಅಳತೆಗೋಲು ನೈತಿಕ ಅಧಃಪತನ. 1891ರಿಂದ ಅಲ್ಲಿನ ವಲಸೆ ಕಾನೂನಿನಲ್ಲಿರುವ ಈ ಮಾತಿಗೆ ಸಂಸತ್ತು ಇಂದಿಗೂ ವ್ಯಾಖ್ಯೆ ಕೊಟ್ಟಿಲ್ಲ. ಅರ್ಥ ಹುಡುಕುವ ಕೆಲಸ ನ್ಯಾಯಾಲಯಗಳದ್ದು. ಮಾದಕವಸ್ತುವಿನ ಪ್ರಕರಣಗಳಿಗೆ ಬೇರೆಯೇ ಕಟ್ಟುಪಾಡು. ಗಾಯಕ ಜಾನ್ ಲೆನನ್ ಸಿಕ್ಕಿಕೊಂಡದ್ದು ಅದರಲ್ಲಿ. 1968ರಲ್ಲಿ ಲಂಡನ್ನಿನಲ್ಲಿ ಗಾಂಜಾ ರಾಳ ಇಟ್ಟುಕೊಂಡದ್ದಕ್ಕೆ ಅವನಿಗೆ 150 ಪೌಂಡ್ ದಂಡ ಬಿದ್ದಿತ್ತು. ಅದನ್ನೇ ಹಿಡಿದು ಅಮೆರಿಕ ಸರ್ಕಾರ 1972ರಲ್ಲಿ ಅವನನ್ನು ಹೊರಹಾಕಲು ಹೊರಟಿತು. 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಸೂಕ್ಷ್ಮವನ್ನು ಗುರುತಿಸಿತು: ಆಗಿನ ಬ್ರಿಟಿಷ್ ಕಾನೂನಿನಲ್ಲಿ ವಸ್ತು ತನ್ನ ಬಳಿ ಇದೆಯೆಂಬ ಅರಿವು ಆರೋಪಿಗೆ ಇತ್ತೆಂದು ತೋರಿಸಬೇಕಿರಲಿಲ್ಲ, ಅರಿವನ್ನೇ ಪರಿಗಣಿಸದ ಶಿಕ್ಷೆಯನ್ನು ನೆಚ್ಚಿ ಒಬ್ಬನನ್ನು ಗಡಿ ದಾಟಿಸಲಾಗದು. ಮುಂದಿನ ವರ್ಷ ಲೆನನ್‌ಗೆ ಗ್ರೀನ್ ಕಾರ್ಡ್ ಸಿಕ್ಕಿತು. ತಿಳಿದು ಮಾಡಿದ ಪಾಪಕ್ಕೂ ತಿಳಿಯದೆ ಆದದ್ದಕ್ಕೂ ಬೇರೆ ಬೇರೆ ಪ್ರಾಯಶ್ಚಿತ್ತ ಹೇಳಿದ ನಮ್ಮ ಧರ್ಮಶಾಸ್ತ್ರಕಾರರಿಗೆ ಈ ತರ್ಕ ಹೊಸದೆನಿಸುತ್ತಿರಲಿಲ್ಲ. ಹೆಸರಾಂತ ವಕೀಲರಾಗಲಿ ವರ್ಷಗಟ್ಟಲೆ ಹೋರಾಡುವ ಹಣವಾಗಲಿ ಇಲ್ಲದವನಿಗೆ ಈ ಸೂಕ್ಷ್ಮ ದಕ್ಕುವುದು ಕಷ್ಟ ಎಂಬುದನ್ನೂ ಇಲ್ಲೇ ಹೇಳಬೇಕು.

ಪರದೇಶ ಪ್ರಯಾಣವೇ ಪಾಪವಾಗಿದ್ದ ಕಾಲವೂ ಒಂದಿತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ದಾರಿಯಾಗುವ ಕರ್ಮಗಳಲ್ಲಿ ಎಣಿಸುತ್ತದೆ. 1888ರಲ್ಲಿ ಲಂಡನ್ನಿಗೆ ಹೊರಟ ಗಾಂಧಿಗೆ ಅವರ ಮೋಢ್ ಬನಿಯಾ ಜಾತಿಯ ಮುಖಂಡರು ಮುಂಬಯಿಯಲ್ಲಿ ಬಹಿಷ್ಕಾರ ಹಾಕಿದರು. 1891ರಲ್ಲಿ ಹಿಂದಿರುಗಿದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿದರು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಗಾಂಧಿಗೆ ಇದೆಲ್ಲ ಇಷ್ಟವಿರಲಿಲ್ಲ. ಅಣ್ಣನ ಮಾತಿಗೆ ಒಪ್ಪಿದರು. ಜಾತಿಯ ಒಂದು ಪಾಲು ಅವರನ್ನು ಸೇರಿಸಿಕೊಂಡಿತು, ಇನ್ನೊಂದು ಪಾಲು ಕೊನೆಗೂ ಸೇರಿಸಿಕೊಳ್ಳಲಿಲ್ಲ. ಪ್ರಾಯಶ್ಚಿತ್ತ ಮಾಡಿದ ಮೇಲೂ ಒಪ್ಪದವರು ಇದ್ದೇ ಇರುತ್ತಾರೆ. ಅದೇ ಗಾಂಧಿ 1922ರಲ್ಲಿ ರಾಜದ್ರೋಹಕ್ಕೆ 6 ವರ್ಷದ ಸಜೆ ಪಡೆದರು, 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಶಿಕ್ಷೆ ಕೊಟ್ಟ ಸಾಮ್ರಾಜ್ಯದ ರಾಜಧಾನಿಗೇ ಹೋದರು. ಶಿಕ್ಷೆಯಾದವನು ಎಂಬ ಒಂದೇ ಅಂಕಣದಲ್ಲಿ ಅವರನ್ನೂ ಒಬ್ಬ ವಂಚಕನನ್ನೂ ಬರೆದಿಟ್ಟರೆ ಆ ಅಂಕಣದಿಂದ ತಿಳಿಯುವುದೇನು?

ಹಳೆಯ ಶಿಕ್ಷೆಯಿಂದ ಹೊರಬರಲು ಕೆನಡಾದಲ್ಲಿ ಒಂದು ಕಿಟಕಿಯಿದೆ. ಶಿಕ್ಷೆ ಪೂರ್ತಿ ಮುಗಿದು 5 ವರ್ಷ ಕಳೆದ ಮೇಲೆ, ತಾನು ಬದಲಾಗಿದ್ದೇನೆ, ಮತ್ತೆ ತಪ್ಪು ಮಾಡುವ ಸಂಭವವಿಲ್ಲ ಎಂದು ತೋರಿಸಿ ಪುನರ್ವಸತಿಗೆ ಅರ್ಜಿ ಹಾಕಬಹುದು. ಅಷ್ಟು ಗಂಭೀರವಲ್ಲದ ಒಂದೇ ಅಪರಾಧವಾದರೆ 10 ವರ್ಷದ ನಂತರ ತಾನಾಗಿಯೇ ಸರಿಹೋಗುವ ಸಾಧ್ಯತೆಯೂ ಇದೆ. ಎಲ್ಲರಿಗೂ ಒಲಿಯುವ ಉದಾರತೆ ಇದಲ್ಲ. 2018ರ ಕೊನೆಯಿಂದ ಕುಡಿದು ವಾಹನ ಓಡಿಸುವುದು ಅಲ್ಲಿ ಗಂಭೀರ ಅಪರಾಧ. ಆದರೂ ಮನುಷ್ಯ ಬದಲಾಗಬಲ್ಲ ಎಂಬ ಊಹೆ ಕಾನೂನಿನ ಒಳಗೇ ಇದೆ. ಆಗ ಏನಾಗಿದ್ದೆ ಎಂಬುದರ ಜೊತೆಗೆ ಈಗ ಏನಾಗಿದ್ದೀಯ ಎಂದೂ ಅದು ಕೇಳುತ್ತದೆ. ಹೊರಗಿನ ಅರಸ ಕೊಡಬಹುದಾದ ನ್ಯಾಯ ಇದು. ಪ್ರಶ್ನೆ ಕೇಳುವುದು ಅನ್ಯಾಯವಲ್ಲ. ಯಾವ ಉತ್ತರಕ್ಕೂ ಬದಲಾಗದಂತೆ ಪ್ರಶ್ನೆಯನ್ನು ಕಟ್ಟುವುದು ಅನ್ಯಾಯ.

ಭಾರತವೂ ಕೇಳುತ್ತದೆ. ನಮ್ಮ ವೀಸಾ ಅರ್ಜಿಯಲ್ಲಿ ವಿದೇಶೀಯರಿಗೆ ಬಂಧನ, ಮೊಕದ್ದಮೆ, ಶಿಕ್ಷೆಯ ಪ್ರಶ್ನೆಯಿದೆ. ನಮ್ಮವರಿಗೆ ಮಾತ್ರ 1967ರ ಪಾಸ್‌ಪೋರ್ಟ್ ಕಾಯ್ದೆ ಒಂದು ಮಿತಿ ಹಾಕಿಕೊಂಡಿದೆ: ನೈತಿಕ ಅಧಃಪತನದ ಅಪರಾಧಕ್ಕೆ 2 ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾಗಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬೇಕು, ಆದರೆ ಅರ್ಜಿಯ ಹಿಂದಿನ 5 ವರ್ಷದೊಳಗೆ ಆದ ಶಿಕ್ಷೆಗೆ ಮಾತ್ರ. ಕ್ರಿಮಿನಲ್ ಮೊಕದ್ದಮೆ ಬಾಕಿಯಿದ್ದವರು ಕೋರ್ಟಿನ ಅನುಮತಿ ತರಬೇಕು. ವಿದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಸ್ಪಷ್ಟಪಡಿಸಿತು.

ಹೆಚ್ಚು ಕಾಡುವುದು ಮಕ್ಕಳ ವಿಷಯ. 2015ರ ಬಾಲನ್ಯಾಯ ಕಾಯ್ದೆ, 16 ದಾಟಿದವರ ಘೋರ ಅಪರಾಧದ ಕೆಲವು ಪ್ರಕರಣಗಳನ್ನು ಬಿಟ್ಟರೆ, ಎಳೆಯ ವಯಸ್ಸಿನ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು ಎನ್ನುತ್ತದೆ. ಅವಧಿ ಮುಗಿದ ಮೇಲೆ ದಾಖಲೆಗಳನ್ನೇ ನಾಶಮಾಡಬೇಕು ಎನ್ನುತ್ತದೆ. ಹದಿನೈದರಲ್ಲಿ ಬೈಕು ಕದ್ದು ಸಿಕ್ಕಿಬಿದ್ದ ಹುಡುಗ ಇಪ್ಪತ್ತಮೂರರಲ್ಲಿ ಎಂಎಸ್ ಓದಲು ಅಮೆರಿಕಕ್ಕೆ ಹೊರಟನೆನ್ನಿ. ನಾಶವಾದ ದಾಖಲೆಯ ಬಗ್ಗೆ ನಮೂನೆ ಕೇಳುತ್ತದೆ. ಇಲ್ಲ ಎಂದು ಬರೆದು ಅದು ಸುಳ್ಳೆಂದು ಹೊರಬಿದ್ದರೆ, ಮೂಲ ತಪ್ಪಿಗಿಂತ ಆ ಸುಳ್ಳೇ ಅಮೆರಿಕದ ಬಾಗಿಲನ್ನು ಜೀವನಪೂರ್ತಿ ಮುಚ್ಚಬಲ್ಲದು. ಹೌದು ಎಂದು ಬರೆದರೆ, ಬಾಲಾಪರಾಧದ ತೀರ್ಮಾನವನ್ನು ಶಿಕ್ಷೆಯೆಂದು ಪರಿಗಣಿಸುವುದಿಲ್ಲ ಎಂಬ ತತ್ವ ಅಲ್ಲಿನ ವಲಸೆ ಕಾನೂನಿನಲ್ಲೂ ಇದೆ. ಲಿಖಿತನಂತೆ ಅವನು ಇದ್ದದ್ದನ್ನು ಹೇಳಲಿ, ಬಲ್ಲ ವಕೀಲರನ್ನು ಕೇಳಿ, ಸಿಕ್ಕಷ್ಟು ಕಾಗದ ಜೊತೆಗಿಟ್ಟು ಹೇಳಲಿ. ಅಷ್ಟಾದ ಮೇಲೆ ಆ ಕಾಗದವನ್ನು ಪೂರ್ತಿ ಓದುವ ಹೊಣೆ ಕಿಂಡಿಯ ಆಚೆ ಕೂತವರದು.