ನಿದ್ದೆಯ ಸಾಲ ಯಾರದು?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತದೆ ಗಾದೆ. ಅಂದರೆ ನಿದ್ದೆ ಮನಸ್ಸಿಗೆ ಸೇರಿದ್ದು. ನಸುಕಿನಲ್ಲಿ ಏಳುವವನನ್ನು ಶಿಸ್ತಿನವನೆಂದು ಹೊಗಳುವಾಗ, ಹೊತ್ತೇರಿದ ಮೇಲೆ ಏಳುವವನನ್ನು ಸೋಮಾರಿ ಎಂದು ಬೈಯುವಾಗ ಅದನ್ನು ಗುಣಕ್ಕೂ ಸೇರಿಸಿಬಿಡುತ್ತೇವೆ. ಶಿಸ್ತು, ಸೋಮಾರಿತನ ಎಂಬ ಮಾತೇ ಅನ್ವಯಿಸದ ಒಂದು ಜೀವಿಯ ನಿದ್ದೆಯನ್ನು ನೋಡಿದರೆ ಏನು ಕಾಣುತ್ತದೆ?

ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ಹಣ್ಣಿನ ನೊಣವೂ ನಿದ್ದೆ ಮಾಡುತ್ತದೆ. 2000ದಲ್ಲಿ ಎರಡು ಸಂಶೋಧನಾ ತಂಡಗಳು ಇದನ್ನು ತೋರಿಸಿಕೊಟ್ಟವು. ಸಾಮಾನ್ಯವಾಗಿ ನೊಣವನ್ನು ತೆಳ್ಳನೆಯ ಗಾಜಿನ ನಳಿಕೆಯಲ್ಲಿಟ್ಟು ಓಡಾಟ ಎಣಿಸುತ್ತಾರೆ. ಐದು ನಿಮಿಷ ಕದಲದಿದ್ದರೆ ನಿದ್ದೆ ಎಂದು ಲೆಕ್ಕ. ರಾತ್ರಿಯೆಲ್ಲ ನಳಿಕೆ ಅಲ್ಲಾಡಿಸಿ ಎಚ್ಚರವಾಗಿಟ್ಟರೆ ಮರುದಿನ ಅದು ಹೆಚ್ಚು ಮಲಗುತ್ತದೆ. ಕೆಟ್ಟ ನಿದ್ದೆ ದೇಹದ ಖಾತೆಯಲ್ಲಿ ಸಾಲವಾಗಿ ಉಳಿಯುತ್ತದೆ.

ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದಕ್ಕೂ ಒಳಗೊಂದು ಗಡಿಯಾರವಿದೆ. 1971ರಲ್ಲಿ ರೊನಾಲ್ಡ್ ಕೊನೋಪ್ಕಾ ಮತ್ತು ಸೀಮೋರ್ ಬೆಂಜರ್ ಮೂರು ವಿಚಿತ್ರ ಬಗೆಯ ನೊಣಗಳನ್ನು ವರದಿ ಮಾಡಿದರು. ಒಂದರ ದಿನ 19 ಗಂಟೆ, ಇನ್ನೊಂದರದು 28, ಮೂರನೆಯದಕ್ಕೆ ಲಯವೇ ಇಲ್ಲ. ಮೂರಕ್ಕೂ ಕಾರಣ ಒಂದೇ ಜೀನ್. ಆ ಜೀನ್ ಹೇಗೆ ಗಡಿಯಾರ ನಡೆಸುತ್ತದೆಂದು ಬಿಡಿಸಿದವರಿಗೆ 2017ರಲ್ಲಿ ನೊಬೆಲ್ ಬಂತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ತಂಡ ಮಾಡಿದ ಪ್ರಯೋಗ ಇನ್ನೂ ಯೋಚನೆಗೆ ಹಚ್ಚುತ್ತದೆ. ಗೂಡಿನಿಂದ ಬೆಳಿಗ್ಗೆ ಹೊರಬರುವ ನೊಣಗಳನ್ನು ಒಂದು ಕಡೆ, ಸಂಜೆ ಹೊರಬರುವವನ್ನು ಇನ್ನೊಂದು ಕಡೆ ಆರಿಸಿ, ತಲೆಮಾರುಗಟ್ಟಲೆ ಬೆಳೆಸಿದರು. ಕೊನೆಗೆ ಎರಡು ಗುಂಪಿನ ಗಡಿಯಾರಗಳೇ ಬೇರೆಯಾದವು: ಬೆಳಗಿನವರದು ಚುರುಕು, ಸಂಜೆಯವರದು ನಿಧಾನ. ಬೆಳಗಿನ ಗುಂಪಿಗೆ ಯಾರೂ ಶಿಸ್ತು ಕಲಿಸಿರಲಿಲ್ಲ. ಹೊತ್ತು ಗೊತ್ತುಮಾಡಿದ್ದು ಆರಿಸುವ ಕೈ.

ಅದೇ ಕೇಂದ್ರದ ನರವಿಜ್ಞಾನಿ ಶೀಬಾ ವಾಸು ನೊಣದ ಮಿದುಳಿನಲ್ಲಿ ಲಯ ಮತ್ತು ನಿದ್ದೆಯನ್ನು ನಡೆಸುವ ನರಕೋಶಗಳನ್ನು ಅಧ್ಯಯನ ಮಾಡುತ್ತಾರೆ. 2018ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ದೆಗೆಟ್ಟ ಹೆಣ್ಣು ನೊಣಗಳು ಕಡಿಮೆ ಮೊಟ್ಟೆ ಇಟ್ಟವು. ಅಲುಗಾಡಿಸಿದ್ದು ಬೇರೆಯವರು, ಸಾಲ ತೀರಿಸಿದ್ದು ನೊಣದ ಒಡಲು.

ಇದನ್ನು ಓದುವಾಗ ನನಗೆ ಬೀದರ್ ಜಿಲ್ಲೆಯ ನಮ್ಮ ಠಾಣಾ ಕುಶನೂರ ಕಡೆಯ ಹೊಲಗಳು ನೆನಪಾಗುತ್ತವೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ, ಕಬ್ಬಿಗೆ ನೀರು ಕಟ್ಟುವವರು ಬ್ಯಾಟರಿ ಹಿಡಿದು, ಹಾವು ಚೇಳಿನ ಭಯ ನುಂಗಿಕೊಂಡು ನಡುರಾತ್ರಿ ಹೊಲಕ್ಕೆ ಹೋಗಬೇಕು. ಬೆಳಿಗ್ಗೆ ಮತ್ತೆ ದುಡಿಮೆ. ಅವರನ್ನು ನಾವು ಕಷ್ಟಸಹಿಷ್ಣುಗಳು ಎಂದು ಹೊಗಳುತ್ತೇವೆ. ಹೊಗಳಿದ ಮೇಲೆ, ಆ ಪಾಳಿ ಬರೆದವರು ಯಾರು ಎಂದು ಕೇಳುವ ಗೋಜು ಉಳಿಯುವುದಿಲ್ಲ.

ನೊಣ ಮನುಷ್ಯನಲ್ಲ, ನಿಜ. ಮನುಷ್ಯ ನಿದ್ದೆಯನ್ನು ಬೇಕೆಂದೇ ಬಿಟ್ಟುಕೊಡಬಲ್ಲ. ಶಿವರಾತ್ರಿಯ ಜಾಗರಣೆ, ಜ್ವರದ ಮಗುವಿನ ಪಕ್ಕ ಕೂತ ರಾತ್ರಿ, ಪರೀಕ್ಷೆಯ ಓದು ಇವೆಲ್ಲ ಅಂಥವು. ಆ ಎಚ್ಚರಕ್ಕೊಂದು ಬೆಲೆಯಿದೆ. ದೇಹ ಮಾತ್ರ ಜಾಗರಣೆ ಯಾವುದು, ಬಲವಂತ ಯಾವುದು ಎಂದು ಕೇಳುವುದಿಲ್ಲ, ಎರಡಕ್ಕೂ ಸಾಲ ಬರೆದುಕೊಳ್ಳುತ್ತದೆ. ಆ ವ್ಯತ್ಯಾಸ ಕೇಳಬೇಕಾದವರು ನಾವು. ಒಲ್ಲೆ ಎನ್ನುವ ಅವಕಾಶವಿದ್ದೂ ಕೊಟ್ಟದ್ದು ದಾನ. ಒಲ್ಲೆ ಎಂದರೆ ಬೆಳೆ ಒಣಗುತ್ತದೆ ಎನ್ನುವಲ್ಲಿ ಹೋದ ನಿದ್ದೆ, ಕಿತ್ತುಕೊಂಡದ್ದು.

ಎಲ್ಲವನ್ನೂ ಜೀನಿನ ಮೇಲೆ ಹಾಕಿ ಸೋಮಾರಿತನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ತೂಕಡಿಸುವವನನ್ನು ಅಳೆಯುವ ಮೊದಲು ನಳಿಕೆ ಯಾರ ಕೈಯಲ್ಲಿದೆ ಎಂದು ನೋಡುವುದು ನ್ಯಾಯ. ಹಗಲನ್ನು ಹಂಚುವ ಅಧಿಕಾರ ಇರುವವರಿಗೆ ಇರುಳಿನ ಲೆಕ್ಕ ಕೊಡುವ ಹೊಣೆಯೂ ಇರಬೇಕು.