ಹೆಸರಷ್ಟೇ ಉಳಿದ ತೋಟ

ಗುಡೇಮಾರನಹಳ್ಳಿಯ ಸೀಮೆಯಲ್ಲಿ ಹುಳು ಹಣ್ಣಾದ ದಿನ ರೇಷ್ಮೆ ಬೆಳೆಯುವ ಮನೆಯವರಿಗೆ ಪುರುಸೊತ್ತೆಂಬುದಿಲ್ಲ. ಸೊಪ್ಪು ಬಿಟ್ಟು, ಮೈ ತಿಳಿಹಳದಿಯಾಗಿ, ತಲೆಯೆತ್ತಿ ಆಡಿಸುವ ಹುಳುಗಳನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು; ತಡವಾದರೆ ನೂಲು ತಟ್ಟೆಯ ಪಾಲು. ಆಮೇಲೆ ಗೂಡು ರಾಮನಗರದ ಮಾರುಕಟ್ಟೆಗೆ.

ಈ ಕಸುಬಿನ ಮಾತು ಬಂದಾಗ ಟಿಪ್ಪುವನ್ನು ಎಲ್ಲರೂ ನೆನೆಯುತ್ತಾರೆ, ಜಮ್ಶೆಟ್‌ಜಿ ಟಾಟಾ ಅವರನ್ನು ನೆನೆಯುವವರು ವಿರಳ. ಸೊರಗಿದ್ದ ಮೈಸೂರು ರೇಷ್ಮೆಗೆ ಚೇತರಿಕೆ ತರಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಜಪಾನಿನಿಂದ ತಿಳಿದವರನ್ನು ಕರೆಸಿ ಬೆಂಗಳೂರಿನಲ್ಲಿ ತೋಟ ಮಾಡಿಸಿದರು. ಬಸವನಗುಡಿಯ ಬಳಿಯ ಆ ನೆಲದಲ್ಲಿ ಈಗ ಬಡಾವಣೆಯಿದೆ. ಹಿಪ್ಪುನೇರಳೆ ಹೋಯಿತು, ಹುಳುಮನೆ ಹೋಯಿತು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಮಾತ್ರ ಮನೆವಿಳಾಸಗಳಲ್ಲಿ ಉಳಿದಿದೆ.

ಕಣ್ಣಾರೆ ಕಂಡದ್ದು ಅಳಿಯಿತು, ಕಾಣದೇ ಹೋದದ್ದು ನಿಂತಿತು. ವಿಜ್ಞಾನ ಸಂಸ್ಥೆಗೆಂದು 1898ರಲ್ಲೇ ಆಸ್ತಿಯ ದೊಡ್ಡ ಪಾಲನ್ನು ಎತ್ತಿಟ್ಟ ಜಮ್ಶೆಟ್‌ಜಿ 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟು, 1909ರಲ್ಲಿ ಸಂಸ್ಥೆ ಹುಟ್ಟಿದಾಗ ಅವರಿಲ್ಲ. ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್.

ಜಮ್ಶೆಟ್‌ಜಿಯವರಿಗೆ ಗಂಡುಮಕ್ಕಳಿಬ್ಬರು, ದೊರಾಬ್‌ಜಿ ಮತ್ತು ರತನ್. ಇಬ್ಬರಿಗೂ ಸಂತಾನವಿಲ್ಲ. ವಾರಸುದಾರರಿಲ್ಲದ ಆಸ್ತಿ ಎಂದರೆ ನಮ್ಮ ಹಳ್ಳಿಗಳಲ್ಲಿ ಶಾಪವೆಂದೇ ಬಗೆಯುತ್ತಾರೆ. ಮಕ್ಕಳಿದ್ದಿದ್ದರೆ ಈ ಸಂಪತ್ತು ಧರ್ಮಕ್ಕೆ ಸಲ್ಲುತ್ತಿತ್ತೇ ಎಂದು ಕೇಳಬಹುದು, ಕೇಳಲೇಬೇಕು. ಆದರೆ ಇಬ್ಬರು ಗಂಡುಮಕ್ಕಳಿದ್ದೂ ತಂದೆ ಕೊಟ್ಟಿದ್ದರಲ್ಲ! ಈ ಮನೆತನವನ್ನು ರೇಷ್ಮೆಹುಳುವಿಗೆ ಹೋಲಿಸಲು ಮನಸ್ಸು ತುಯ್ಯುತ್ತದೆ, ನನಗೆ ಒಪ್ಪಿಗೆಯಿಲ್ಲ. ಹುಳು ಏನನ್ನೂ ಕೊಡುವುದಿಲ್ಲ, ಬಿಸಿನೀರಲ್ಲಿ ಅದರಿಂದ ಎಳೆದುಕೊಳ್ಳುತ್ತೇವೆ. ಕೊಡುವುದಕ್ಕೆ ಇಟ್ಟುಕೊಳ್ಳುವ ದಾರಿಯೂ ತೆರೆದಿರಬೇಕು.

ದೊರಾಬ್‌ಜಿಯವರ ಪತ್ನಿ ಮೆಹರ್‌ಬಾಯಿ ಮೈಸೂರಿನ ವಿದ್ಯಾ ಇಲಾಖೆಯ ಹಿರಿಯ ಅಧಿಕಾರಿ ಭಾಭಾ ಅವರ ಮಗಳು. ಗಂಡ ಅವರಿಗೆ 245 ಕ್ಯಾರೆಟ್ಟಿನ ಜುಬಿಲಿ ವಜ್ರ ತಂದುಕೊಟ್ಟರು. ತೂಕದಲ್ಲಿ ಇಂದಿನ ಕೊಹಿನೂರಿನ ಎರಡರಷ್ಟಕ್ಕೂ ಹೆಚ್ಚು. 1924ರಲ್ಲಿ ಟಾಟಾ ಮನೆತನದ ಉಕ್ಕಿನ ಕಾರ್ಖಾನೆ ಮುಳುಗುವ ಹಂತ ತಲುಪಿದಾಗ ಆ ವಜ್ರವೂ ಒತ್ತೆಗೆ ಹೋಯಿತು. ಕಲ್ಲುಗಳಲ್ಲೆಲ್ಲ ಗಟ್ಟಿಯಾದದ್ದಕ್ಕೆ ಆ ವರ್ಷ ಇದ್ದ ಬೆಲೆ, ಅದನ್ನು ನಂಬಿ ಬ್ಯಾಂಕು ಕೊಡುವ ಸಾಲದಷ್ಟೇ. ಮುಂದೆ ದಂಪತಿ ತೀರಿದ ಮೇಲೆ ಅದು ಮಾರಾಟವಾಗಿ ಹಣ ಧರ್ಮದತ್ತಿಗೆ ಸೇರಿತು.

ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ಹೋದರು, ಮರುವರ್ಷ ದೊರಾಬ್‌ಜಿ. ಅದಕ್ಕೆ ಮೊದಲೇ ತಮ್ಮದೆಲ್ಲವನ್ನೂ ಅವರು ದತ್ತಿಗೆ ಬರೆದಿಟ್ಟಿದ್ದರು. ಆ ದತ್ತಿಯಿಂದಲೇ 1941ರಲ್ಲಿ ಮುಂಬಯಿಯಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆಯಿತು. ಅಲ್ಲಿ ಚೀಟಿ ಹಿಡಿದು ಸರದಿಯಲ್ಲಿ ನಿಂತವರಿಗೆ ಮೆಹರ್‌ಬಾಯಿ ಯಾರೆಂದು ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದೂ ಇಲ್ಲ.